ಶರೀಫರ ಪದಕ್ಕೆ ಗಿಟಾರಿನ ಸಾಥ್



ಚಪಳಗಾಂವ, ಅಕ್ಕಲಕೋಟೆಯ ಸೀಮೆಯಲ್ಲಿ ನಮ್ಮ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕೈಗೆ ಗಿಟಾರ್ ಬಂದರೆ ಮಾತ್ರ ಬಾಯಿಗೆ ಬರುವುದು ಹಿಂದಿ, ಇಂಗ್ಲಿಷ್ ಹಾಡು. ಕನ್ನಡದ ಹಳೆಯ ಪದ ಗಿಟಾರಿಗೆ ಹೊಂದೀತೇ ಎಂಬ ಸಂಕೋಚ ನಮ್ಮಲ್ಲಿ ಹಲವರಿಗಿದೆ. ಮೈಸೂರಿನ ರಘು ದೀಕ್ಷಿತ್ ಅವರ ತಂಡ ಬೆಳೆದ ಬಗೆ ಇದಕ್ಕೆ ಉತ್ತರ.

ರಘು ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದವರು. ಕಾಲೇಜಿನಲ್ಲಿ ಗೆಳೆಯನೊಬ್ಬ ಕಟ್ಟಿದ ಪಂಥಕ್ಕಾಗಿ ಗಿಟಾರ್ ಹಿಡಿದರು. ಸಂಪ್ರದಾಯಸ್ಥ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಇರಲಿಲ್ಲ. 1990ರ ದಶಕದ ಕೊನೆಯಲ್ಲಿ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಕೆಲ ವರ್ಷಗಳಲ್ಲಿ ಅದು ಚದುರಿತು. ಅವರು ಬಿಡದೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಆರಂಭಿಸಿದರು. ಸಂಗೀತ ಕಂಪನಿಗಳು ವರ್ಷಗಟ್ಟಲೆ ಬೇಡವೆಂದವು. ಕೊನೆಗೆ ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಇವರ ಹಾಡು ಕೇಳಿ ಮೆಚ್ಚಿ, ಮೊದಲ ಆಲ್ಬಮ್ ಹೊರತಂದರು. 2008ರ 'ಸೈಕೋ' ಚಿತ್ರಕ್ಕೆ ರಘು ಮಾಡಿದ ಮಹದೇಶ್ವರನ ಹಾಡು ಕರ್ನಾಟಕದ ತುಂಬ ಮನೆಮಾತಾಯಿತು.

ಆ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ' ಮತ್ತು 'ಸೋರುತಿಹುದು' ಪದಗಳಿವೆ. ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಮುಸ್ಲಿಂ ಸಂತರು. ಅವರ ಗುರು ಬ್ರಾಹ್ಮಣರಾದ ಗೋವಿಂದ ಭಟ್ಟರು. ಸೋರುವ ಮಾಳಿಗೆಯನ್ನು ತೋರಿಸಿ ಮನುಷ್ಯನ ಒಳಗಿನ ಅಜ್ಞಾನವನ್ನು ಎಚ್ಚರಿಸಿದವರು. ಈ ಪದಗಳನ್ನು ಭಜನೆಯವರು ಉಳಿಸಿದರು, ಸಿ. ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದರು. ರಘು ಅವಕ್ಕೆ ಗಿಟಾರ್, ಡ್ರಮ್ಸ್, ಪಿಟೀಲು ಕೂಡಿಸಿದರು. ಮಾತನ್ನು ಕನ್ನಡದಲ್ಲೇ ಉಳಿಸಿದರು.

2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿಯೇ ರಘು ವೇದಿಕೆ ಏರುತ್ತಾರೆ. ಅದಾದ ಮೇಲೆ ಅವರ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಬಂತು.

ಕನ್ನಡದ ಒಂದಕ್ಷರ ತಿಳಿಯದ ಜನ ಆ ಹಾಡಿಗೆ ಕುಣಿದರು. ಮಾತು ತಿಳಿದ ನಾವು ಅದನ್ನು ಹಾಡಲು ನಾಚುತ್ತಿದ್ದೇವೆ! ಯಜಮಾನ ಕೊಟ್ಟ ಹಣವನ್ನು ಹೂತಿಟ್ಟ ಸೇವಕನ ಸಾಮತಿಯನ್ನು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಓದಿದ್ದೇವೆ. ಅವನು ಅದನ್ನು ಕಳೆಯಲಿಲ್ಲ, ಕದಿಯಲಿಲ್ಲ. ಹೆದರಿ ಮಣ್ಣಿನಲ್ಲಿಟ್ಟ, ಅಷ್ಟೇ. ಮನೆಮಾತೂ ನಮಗೆ ಸಿಕ್ಕ ಅಂಥದೇ ನಿಧಿ.

ನಮ್ಮ ಗಾನವೃಂದದಲ್ಲಿ ಗಿಟಾರ್ ನುಡಿಸುವವರು ಅಜ್ಜ, ಅಜ್ಜಿಯರ ಬಳಿ ಕುಳಿತು ಒಂದು ಹಳೆಯ ಕನ್ನಡ ಭಕ್ತಿಗೀತೆ ಕಲಿಯಲಿ. ಬರುವ ಯುವಜನರ ಭಾನುವಾರ ಅದನ್ನೇ ಹಾಡೋಣ.