ಕಾರಿನ ಆಲ್ಟರ್ನೇಟರ್: ಬಿಚ್ಚಿ ಕಟ್ಟಿಸುವುದೋ, ಹೊಸದು ಹಾಕಿಸುವುದೋ?

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡರೆ ಎರಡು ಕಡೆ ಎರಡು ಮಾತು ಕೇಳಿಬರುತ್ತದೆ. ರಸ್ತೆ ಬದಿಯ ಆಟೊ ಎಲೆಕ್ಟ್ರಿಷಿಯನ್ "ಕಾರ್ಬನ್ ಹೋಗಿರ್ಬೇಕು ಸಾರ್, ಬಿಚ್ಚಿ ಹಾಕ್ಕೊಡ್ತೀನಿ" ಎನ್ನುತ್ತಾನೆ. ಕಂಪನಿ ಸರ್ವಿಸ್ ಸೆಂಟರಿನವರು "ಅಸೆಂಬ್ಲಿನೇ ಚೇಂಜ್ ಮಾಡ್ಬೇಕಾಗುತ್ತೆ" ಎನ್ನುತ್ತಾರೆ. ಮಾಲೀಕ ಇಬ್ಬರ ದರವನ್ನೂ ಪಕ್ಕದಲ್ಲಿಟ್ಟು ಯೋಚನೆಗೆ ಬೀಳುತ್ತಾನೆ. ದರದಿಂದ ಶುರುಮಾಡಿದರೆ ಈ ಲೆಕ್ಕ ಬಗೆಹರಿಯುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಕೆಟ್ಟಿರುವ ಭಾಗ ಯಾವುದು, ಅದು ಸವೆದು ಕೆಟ್ಟಿತೋ ಸುಟ್ಟು ಕೆಟ್ಟಿತೋ ಎಂಬುದು ಮೊದಲು ಗೊತ್ತಾಗಬೇಕು. ಸವೆದಿದ್ದರೆ ಬಹುಪಾಲು ಕಟ್ಟಿಸಬಹುದು. ಸುಟ್ಟಿದ್ದರೆ ಸುಟ್ಟ ಕಾರಣ ಸಿಗುವ ತನಕ ಕಟ್ಟಿಸುವುದೂ ದಂಡ, ಹೊಸದು ಹಾಕಿಸುವುದೂ ದಂಡ.

ಈ ವ್ಯತ್ಯಾಸದ ಬೇರು ಯಂತ್ರದ ಚರಿತ್ರೆಯಲ್ಲೇ ಇದೆ. ಕ್ರೈಸ್ಲರ್ ಕಂಪನಿ ತನ್ನ 1960ರ ಮಾದರಿಯ ವೇಲಿಯಂಟ್‌ಗೆ ಆಲ್ಟರ್ನೇಟರ್ ಕೂರಿಸುವ ತನಕ ಸಾಮಾನ್ಯ ಕಾರುಗಳಲ್ಲಿ ಇದ್ದದ್ದು ಡೈನಮೋ. ನಮ್ಮ ಹಳೆಯ ಅಂಬಾಸಿಡರ್‌ಗಳಲ್ಲೂ ಅದೇ. ಆ ಕಾಲದ ಲೂಕಾಸ್ ಸಿ40 ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತಿತ್ತು, ಅದೂ ಗಾಡಿ ಓಡುವಾಗ. ಹುಟ್ಟಿದ ಕರೆಂಟ್ ಪೂರ್ತಿ ಕಾರ್ಬನ್ ಬ್ರಶ್ಶು ಮತ್ತು ಕಮ್ಯುಟೇಟರ್ ಮೂಲಕವೇ ಹೊರಗೆ ಬರಬೇಕಿತ್ತು, ಹಾಗಾಗಿ ಅವೆರಡೂ ತೇಯುತ್ತಲೇ ಇರುತ್ತಿದ್ದವು. ಆಲ್ಟರ್ನೇಟರಿನಲ್ಲಿ ತಿರುಗುವುದು ಆಯಸ್ಕಾಂತವಾಗುವ ರೋಟರ್. ಕರೆಂಟ್ ಹುಟ್ಟುವುದು ಸುತ್ತಲೂ ಅಲುಗಾಡದೆ ಕೂತ ಸ್ಟೇಟರಿನ ಸುರುಳಿಯಲ್ಲಿ. ಬ್ರಶ್ಶಿನ ಮೂಲಕ ಹೋಗುವುದು ರೋಟರಿಗೆ ಬೇಕಾದ ಮೂರು-ನಾಲ್ಕು ಆಂಪಿಯರ್ ಅಷ್ಟೆ. ಸ್ಟೇಟರಿನ ಎಸಿಯನ್ನು ಡಿಸಿ ಮಾಡುವ ಕೆಲಸ ಸಿಲಿಕಾನ್ ಡಯೋಡುಗಳ ಪಾಲಿಗೆ ಬಂತು. ಹೀಗೆ ಸವೆಯುವ ಜಾಗ ಕಡಿಮೆಯಾಗಿ, ಸುಡುವ ಜಾಗ ಹೊಸದಾಗಿ ಹುಟ್ಟಿಕೊಂಡಿತು.

ಡೈನಮೋ ಕಾಲದ ಒಂದು ಅಭ್ಯಾಸ ಮಾತ್ರ ಇನ್ನೂ ಬಿಟ್ಟಿಲ್ಲ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, "ಗಾಡಿ ಆಫ್ ಆಗ್ಲಿಲ್ಲ ನೋಡಿ, ಆಲ್ಟರ್ನೇಟರ್ ಸರಿ ಇದೆ" ಎಂದು ತೀರ್ಪು ಕೊಡುವವರು ಈಗಲೂ ಸಿಗುತ್ತಾರೆ. ಹಾಗೆ ಕಿತ್ತ ಕ್ಷಣದಲ್ಲಿ ರೋಟರಿನ ಕಾಂತಶಕ್ತಿ ತಟ್ಟನೆ ಇಳಿಯುವುದಿಲ್ಲ. ಹೋಗಲು ಜಾಗವಿಲ್ಲದ ಕರೆಂಟಿನ ವೋಲ್ಟೇಜ್ ಹಲವು ಹತ್ತು ವೋಲ್ಟ್‌ಗಳಿಗೆ ಜಿಗಿಯುತ್ತದೆ. ಸರಿಯಿದ್ದ ಡಯೋಡ್, ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್, ಕೆಲವೊಮ್ಮೆ ಎಂಜಿನ್ನಿನ ಕಂಪ್ಯೂಟರ್ ಕೂಡ ಈ ಪರೀಕ್ಷೆಯಿಂದಲೇ ಕೆಡಬಹುದು. ಇಂಥ ಪರೀಕ್ಷೆ ಮಾಡುವ ಕಡೆ ಆಲ್ಟರ್ನೇಟರನ್ನು ಬಿಚ್ಚಲು ಕೊಡಬಾರದು ಎನ್ನುವುದು ನನ್ನ ನಿಲುವು.

ಬಿಚ್ಚುವ ಮೊದಲು ನೋಡಬೇಕಾದದ್ದು ಸಾಕಷ್ಟಿದೆ, ಅದಕ್ಕೆ ಒಂದು ಮಲ್ಟಿಮೀಟರ್ ಸಾಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯ ಕಾರುಗಳಲ್ಲಿ 13.8ರಿಂದ 14.5ರ ಒಳಗೆ ಇರಬೇಕು. ಇದಕ್ಕಿಂತ ಕಡಿಮೆ ಬಂದ ತಕ್ಷಣ ಆಲ್ಟರ್ನೇಟರಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಹೆಡ್‌ಲೈಟ್, ಎಸಿ ಹಾಕಿಕೊಂಡು, ಮೀಟರಿನ ಒಂದು ಮುಳ್ಳನ್ನು ಆಲ್ಟರ್ನೇಟರಿನ ದಪ್ಪ ವಯರು ಕೂತ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೂ ಮುಟ್ಟಿಸಿದರೆ, ನಡುವೆ 0.2-0.3 ವೋಲ್ಟ್‌ಗಿಂತ ಹೆಚ್ಚು ನಷ್ಟ ಕಾಣಬಾರದು. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್‌ಗೂ ಹೀಗೇ ನೋಡಬೇಕು. ಹೆಚ್ಚು ನಷ್ಟವಿದ್ದರೆ ದೋಷ ತುಕ್ಕು ಹಿಡಿದ ಅರ್ತ್ ವಯರಿನಲ್ಲೋ ಸಡಿಲವಾದ ಲಗ್ಗಿನಲ್ಲೋ ಇದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಓಡಿದ ಗಾಡಿಗಳಲ್ಲಿ ಈ ಅರ್ತ್ ವಯರನ್ನೇ ಮೊದಲು ಸಂಶಯಿಸಬೇಕು.

ಇನ್ನೊಂದು ಸುಲಭ ಪರೀಕ್ಷೆ ಮೀಟರನ್ನು ಎಸಿ ವೋಲ್ಟೇಜಿಗೆ ತಿರುಗಿಸಿ ಬ್ಯಾಟರಿಯ ಮೇಲೆ ನೋಡುವುದು. ಡಯೋಡುಗಳು ಸರಿಯಿದ್ದರೆ ಅಲ್ಲಿ ಎಸಿ ಬಹಳ ಕಡಿಮೆ. ಅರ್ಧ ವೋಲ್ಟ್ ದಾಟಿದರೆ ಯಾವುದೋ ಡಯೋಡ್ ಹೋಗಿದೆ ಎಂದು ಅನುಮಾನಿಸಬಹುದು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದೆ, ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕತೆಯಾದರೆ, ಶಾರ್ಟ್ ಆದ ಡಯೋಡ್ ರಾತ್ರಿಯಿಡೀ ಬ್ಯಾಟರಿಯನ್ನು ಹೀರುತ್ತಿರಬಹುದು. ಇದು ಗೊತ್ತಾಗದೆ ಬ್ಯಾಟರಿ ಮೇಲೆ ಬ್ಯಾಟರಿ ಬದಲಿಸುವವರು ಕಡಿಮೆಯೇನಿಲ್ಲ.

ಬಿಚ್ಚಿ ಮೇಜಿನ ಮೇಲಿಟ್ಟ ಆಲ್ಟರ್ನೇಟರಿನಲ್ಲಿ ನಾನು ಮೊದಲು ನೋಡುವುದು ಸ್ಟೇಟರಿನ ಬಣ್ಣ. ತಾಮ್ರದ ಮೇಲಿನ ಎನಾಮಲ್ ಹೊಂಬಣ್ಣದಲ್ಲಿ ಹೊಳೆಯುತ್ತಿದ್ದರೆ ಈ ಯಂತ್ರಕ್ಕೆ ಇನ್ನೂ ಆಯುಷ್ಯ ಇದೆ ಎಂದರ್ಥ. ಸುತ್ತಲೂ ಒಂದೇ ಸಮನಾಗಿ ಕಂದಾಗಿದ್ದರೆ ಬಹಳ ದಿನ ಮಿತಿಮೀರಿದ ಹೊರೆ ಹೊತ್ತಿದೆ, ಹೆಚ್ಚಾಗಿ ಮುದಿ ಬ್ಯಾಟರಿಯಿಂದ. ಮೂರು ಫೇಸಿನ ಸುರುಳಿಗಳ ಪೈಕಿ ಒಂದೆರಡು ಮಾತ್ರ ಕರಿಯಾಗಿ, ಸ್ಲಾಟಿನಿಂದ ಹೊರಬಂದ ತಿರುವುಗಳಲ್ಲಿ ಹೊಳೆಯುವ ತಂತಿಯೂ ಸುಟ್ಟ ತಂತಿಯೂ ಸರದಿಯಂತೆ ಕಂಡರೆ, ಡಯೋಡ್ ಶಾರ್ಟ್ ಆಗಿ ಆ ಫೇಸನ್ನು ಸುಟ್ಟಿದೆ. ಈ ಮೂರನೆಯ ಸಂದರ್ಭದಲ್ಲಿ ಬರೀ ಡಯೋಡ್ ಪ್ಲೇಟ್ ಬದಲಿಸಿ ಕೊಡುವ ರಿಪೇರಿ ಹೆಚ್ಚು ದಿನ ಬಾಳುವುದಿಲ್ಲ. ಸ್ಟೇಟರಿನ ಸುರುಳಿಯ ರೋಧ ಸಾಮಾನ್ಯ ಮೀಟರಿಗೆ ಸಿಗದಷ್ಟು ಕಡಿಮೆ. ಆದ್ದರಿಂದ ಇಲ್ಲಿ ಕಣ್ಣು ಮೀಟರಿಗಿಂತ ಒಳ್ಳೆಯ ಸಾಕ್ಷಿ.

ಸ್ಟೇಟರ್ ರೀವೈಂಡಿಂಗ್ ಸಾಧ್ಯ, ಹಳೆಯ ದುಂಡುತಂತಿಯ ಯಂತ್ರಗಳಿಗೆ ಮಾಡುವವರೂ ಇದ್ದಾರೆ. ಆದರೆ ತಂತಿಯ ಗೇಜ್ ಸ್ವಲ್ಪ ಸಣ್ಣದಾದರೂ, ವಾರ್ನಿಷ್ ಸರಿಯಾಗಿ ಬೇಯದಿದ್ದರೂ ಸಿಗುವ ಆಂಪಿಯರ್ ಇಳಿಯುತ್ತದೆ, ಬಿಸಿ ಏರುತ್ತದೆ. 2000ದ ಸುಮಾರಿಗೆ ಡೆನ್ಸೊ ತಂದ ಚೌಕತಂತಿಯ, ತುಂಡುಗಳನ್ನು ಬೆಸೆದು ಮಾಡುವ ಸ್ಟೇಟರನ್ನು ಕೈಯಲ್ಲಿ ಮತ್ತೆ ಸುತ್ತುವ ಮಾತೇ ಇಲ್ಲ. ನನ್ನ ಮಟ್ಟಿಗೆ ಸುಟ್ಟ ಸ್ಟೇಟರ್ ಎಂದರೆ ಹೊಸ ಆಲ್ಟರ್ನೇಟರ್.

ರೋಟರಿನ ವಿಷಯ ಇಷ್ಟು ಕಠಿಣವಲ್ಲ. ಬ್ರಶ್ಶು ಉಜ್ಜುವ ಎರಡು ಸ್ಲಿಪ್ ರಿಂಗುಗಳ ನಡುವೆ ಸಾಮಾನ್ಯವಾಗಿ 2ರಿಂದ 5 ಓಮ್ ಬಂದು, ರಿಂಗಿಗೂ ಶಾಫ್ಟಿಗೂ ಸಂಪರ್ಕ ಇಲ್ಲದಿದ್ದರೆ ಸುರುಳಿ ಸರಿಯಿದೆ. ರಿಂಗಿನ ಮೇಲೆ ಬ್ರಶ್ಶು ಕೊರೆದ ಗೆರೆ ಆಳವಾಗಿದ್ದರೆ ಹೊಸ ಬ್ರಶ್ಶು ಹಾಕಿ ಪ್ರಯೋಜನವಿಲ್ಲ. ರಿಂಗ್ ಬದಲಿಸಿ, ರೋಟರಿನ ತಂತಿಯನ್ನು ಅದಕ್ಕೆ ಬೆಸುಗೆ ಹಾಕಿ, ಲೇಥಿನಲ್ಲಿ ಹೊಡೆಸಬೇಕು. "ಕಾರ್ಬನ್ ಹಾಕಿದೀವಿ" ಎಂದು ಕೊಟ್ಟ ಗಾಡಿ ಬೇಗನೆ ಮರಳಿ ಬರುವುದು ಹೆಚ್ಚಾಗಿ ಈ ಕೆಲಸ ಬಿಟ್ಟದ್ದರಿಂದ.

ಬೇರಿಂಗ್ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಅಗ್ಗದ ರಿಪೇರಿ ಜಾರುವುದು ಇಲ್ಲೇ. ಅನೇಕ ಆಲ್ಟರ್ನೇಟರುಗಳ ಮುಂದಿನ ಬೇರಿಂಗ್ 6303. ಒಳವ್ಯಾಸ 17 ಮಿಲಿಮೀಟರ್, ಹೊರವ್ಯಾಸ 47, ದಪ್ಪ 14. ಪಂಪ್‌ಸೆಟ್ಟಿನ ಮೋಟರಿಗೂ ಇದೇ ನಂಬರಿನದು ಕೂರುತ್ತದೆ. ಆದರೆ ಪಂಪ್‌ಸೆಟ್ ನಿಮಿಷಕ್ಕೆ ಮೂರು ಸಾವಿರ ಸುತ್ತು ಸಹ ಮುಟ್ಟುವುದಿಲ್ಲ. ಪುಲ್ಲಿಯ ಅನುಪಾತ ಎರಡೂವರೆ ಎಂದಿಟ್ಟುಕೊಂಡರೆ, ಎಂಜಿನ್ 5000 ಸುತ್ತಿನಲ್ಲಿದ್ದಾಗ ಆಲ್ಟರ್ನೇಟರ್ 12,500 ಸುತ್ತು ತಿರುಗುತ್ತಿರುತ್ತದೆ, ಅದೂ ಎಂಜಿನ್ನಿನ ಬಿಸಿಯ ಪಕ್ಕದಲ್ಲಿ. ಅದಕ್ಕೆ ಬೇಕಾದ ಗ್ರೀಸ್, ಸೀಲ್, ಒಳಸಡಿಲ ಎಲ್ಲ ಬೇರೆ. ನಂಬರ್ ಒಂದೇ ಎಂದು ಯಾವುದನ್ನೋ ಕೂರಿಸಿದರೆ ಕೆಲವೇ ತಿಂಗಳಲ್ಲಿ ಅದು ಊಳಿಡತೊಡಗುತ್ತದೆ. ಬೇರಿಂಗ್ ಜಾಮಾಗಿ ಅದರ ಹೊರಬಳೆಯೇ ಅಲ್ಯುಮಿನಿಯಂ ಹೌಸಿಂಗಿನೊಳಗೆ ತಿರುಗಿ, ಕೂರುವ ಗುಂಡಿ ಅಗಲವಾಗಿದ್ದರೆ ಕಟ್ಟಿಸುವ ಯೋಚನೆ ಬಿಡುವುದು ಒಳ್ಳೆಯದು. ಅಲ್ಲಿ ಪಂಚ್ ಹೊಡೆದು ಗಂಟೆಬ್ಬಿಸಿ ಬೇರಿಂಗ್ ಬಿಗಿ ಮಾಡುವವರಿದ್ದಾರೆ. ಆದರೆ ಹಾಗೆ ಬಿಗಿದಾಗ ರೋಟರ್ ಕೂದಲೆಳೆಯಷ್ಟು ವಾಲಿದರೂ ಸ್ಟೇಟರನ್ನು ಉಜ್ಜುತ್ತದೆ.

ಈಗ ಹಣದ ಮಾತು. ಕಟ್ಟಿಸುವ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದೇ ಹಾಕಿಸಿ ಎಂಬ ಸೂತ್ರ ಚಾಲ್ತಿಯಲ್ಲಿದೆ. ಅದು ಬಿಚ್ಚಿ ಕೂರಿಸುವ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸದರ ಬೆಲೆ 100 ಎಂದಿಟ್ಟುಕೊಳ್ಳೋಣ, ಕಟ್ಟಿಸಲು 40, ಕೂಲಿ 20. ಹೊಸದಕ್ಕೆ ಒಟ್ಟು 120, ಕಟ್ಟಿಸಲು 60. ಕಟ್ಟಿಸಿದ್ದು ಮತ್ತೆ ಕೆಟ್ಟರೆ ಆಮೇಲೆ 120 ಹೆಚ್ಚುವರಿ ತೆರಬೇಕು. ಹೊಸದು ಕೆಡುವುದೇ ಇಲ್ಲ ಎಂದು ಅದರ ಪರವಾಗಿ ಒಪ್ಪಿಕೊಂಡರೂ, ರಿಪೇರಿ ಕೈಕೊಡುವ ಸಂಭವ ಅರ್ಧಕ್ಕಿಂತ ಕಡಿಮೆ ಇರುವ ತನಕ ಕಟ್ಟಿಸುವುದೇ ಲಾಭ. ಅದೇ ಆಲ್ಟರ್ನೇಟರ್ ಎಂಜಿನ್ನಿನ ಹಿಂದೆ ಸಿಕ್ಕಿಕೊಂಡಿದ್ದು ಕೂಲಿ 60 ಆದರೆ? ಹೊಸದಕ್ಕೆ 160, ಕಟ್ಟಿಸಲು 100. ಆಗ ಆ ಸಂಭವ ನೂರಕ್ಕೆ ಮೂವತ್ತೇಳೂವರೆ ದಾಟಿದರೇ ನಷ್ಟ. ಕೈಗೆ ಸಿಗುವ ಆಲ್ಟರ್ನೇಟರನ್ನು ಧೈರ್ಯವಾಗಿ ಕಟ್ಟಿಸಬಹುದು, ಸಿಗದ್ದನ್ನು ಹಿಂದೆಮುಂದೆ ನೋಡಬೇಕು. ರಾತ್ರಿ ಶಿರಾಡಿ ಘಾಟಿಯಲ್ಲಿ ನಿಂತ ಗಾಡಿಯನ್ನು ಎಳೆಸುವ ಖರ್ಚನ್ನು ಸೇರಿಸಿದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಮೂರನೆಯ ದಾರಿಯೂ ಇದೆ: ಹಳೆಯದನ್ನು ಕೊಟ್ಟು, ಬಣ್ಣ ಬಳಿದ ಇನ್ನೊಂದನ್ನು ಕೂಡಲೇ ಪಡೆಯುವ ಎಕ್ಸ್‌ಚೇಂಜ್. ತಯಾರಕರೇ ಸವೆಯುವ ಭಾಗಗಳನ್ನೆಲ್ಲ ಬದಲಿಸಿ, ಹೊರೆ ಹಾಕಿ ಪರೀಕ್ಷಿಸಿ ಕೊಡುವ ಮರುತಯಾರಿ ಬೇರೆ, ಕೆಟ್ಟದ್ದನ್ನಷ್ಟೇ ತೆಗೆದು ಬಣ್ಣ ಹೊಡೆದದ್ದು ಬೇರೆ. ಎರಡನೆಯದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನಿಮ್ಮ ಆಲ್ಟರ್ನೇಟರಿನ ಚರಿತ್ರೆ ನಿಮಗೆ ಗೊತ್ತು. ಕೈಗೆ ಬರುವುದರ ಚರಿತ್ರೆ ಯಾರಿಗೂ ಗೊತ್ತಿಲ್ಲ.

ಊರಿನ ಓಡಾಟವೂ ತೀರ್ಮಾನಕ್ಕೆ ಸೇರುತ್ತದೆ. ಬಾಷ್ ಆಲ್ಟರ್ನೇಟರಿನ ಮೇಲೆ 14ವಿ 50/90ಎ ಎಂಬಂಥ ಗುರುತು ಇರುತ್ತದೆ: ಆಲ್ಟರ್ನೇಟರ್ ಶಾಫ್ಟ್ ನಿಧಾನವಾಗಿ ತಿರುಗುವಾಗ 50 ಆಂಪಿಯರ್, 6000 ಸುತ್ತಿಗೆ 90. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಸಿ, ಹೆಡ್‌ಲೈಟ್, ವೈಪರ್ ಎಲ್ಲ ಹಾಕಿ ನಿಂತ ಕಾರಿಗೆ ಸಿಗುವುದು ಮೊದಲಿನ ಅಂಕಿಯ ಆಸುಪಾಸು. ಫ್ಯಾನ್ ನಿಧಾನ, ರೋಟರಿಗೆ ಪೂರ್ತಿ ಕರೆಂಟ್, ತಣಿಯಲು ಗಾಳಿ ಇಲ್ಲ. ಅದರ ಮೇಲೆ ಸತ್ತ ಬ್ಯಾಟರಿಗೆ ಜಂಪ್ ಕೊಟ್ಟು "ಓಡಿಸ್ತಾ ಚಾರ್ಜ್ ಆಗುತ್ತೆ" ಎಂದು ಹೊರಟರೆ ಡಯೋಡುಗಳು ಬೇಯುತ್ತವೆ. ಕಟ್ಟಿಸಿದರೂ ಹೊಸದಾದರೂ ಮೊದಲು ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿ ಕೂರಿಸಬೇಕು.

ಟಾಟಾ ಸುಮೋ, ಇಂಡಿಕಾದಂಥ ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ, ರೋಟರ್ ಶಾಫ್ಟೇ ಅದನ್ನೂ ತಿರುಗಿಸುತ್ತದೆ. ಸೀಲು ಸೋರಿದರೆ ಎಂಜಿನ್ ಆಯಿಲ್ ಕಾರ್ಬನ್ ಪುಡಿಯೊಂದಿಗೆ ಕಲೆತು ಅಂಟಾಗಿ, ಬ್ರಶ್ಶು ಹಿಡಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ರಶ್ಶು ಉದ್ದವಾಗಿಯೇ ಇದ್ದರೂ ಚಾರ್ಜ್ ಇರುವುದಿಲ್ಲ. ಇಂಥ ಗಾಡಿಯಲ್ಲಿ ಸೀಲ್ ಮತ್ತು ಪಂಪಿನ ಕಿಟ್ ಸೇರಿಸದ ರಿಪೇರಿಯನ್ನು ಒಪ್ಪಿಕೊಳ್ಳಲೇಬಾರದು. ಇಲ್ಲಿ ಉಳಿತಾಯದ ಬೆಲೆಯನ್ನು ಬ್ರೇಕು ತೆರುತ್ತದೆ.

ಹೊಸ ಕಾರುಗಳಲ್ಲಿ ಎಷ್ಟು ವೋಲ್ಟೇಜ್ ಬೇಕೆಂದು ಎಂಜಿನ್ನಿನ ಕಂಪ್ಯೂಟರೇ ಹೇಳುತ್ತದೆ. ಅಲ್ಲಿ ಮೀಟರ್ 12.8 ತೋರಿಸಿದರೂ ಅದು ದೋಷ ಆಗಿರಬೇಕೆಂದಿಲ್ಲ, ಸ್ಕ್ಯಾನರ್ ಹಾಕಿ ನೋಡಬೇಕು. ಇವುಗಳಿಗೆ ಅಳತೆಗೆ ಕೂರುವ ಯಾವುದೋ ಹೊಸ ಆಲ್ಟರ್ನೇಟರಿಗಿಂತ, ಸರಿಯಾದ ಪಾರ್ಟ್ ನಂಬರಿನ ರೆಗ್ಯುಲೇಟರ್ ಹಾಕಿ ಕಟ್ಟಿಸಿದ ಹಳೆಯದೇ ಮೇಲು. ಮಾರುತಿ 2015ರಲ್ಲಿ ಸಿಯಾಜ್‌ಗೆ ತಂದ ಎಸ್‌ಎಚ್‌ವಿಎಸ್‌ನಂಥ ವ್ಯವಸ್ಥೆಯಲ್ಲಿ ಇದೇ ಯಂತ್ರ ಎಂಜಿನ್ನನ್ನು ಸ್ಟಾರ್ಟ್ ಮಾಡುತ್ತದೆ, ವೇಗ ಹಿಡಿಯುವಾಗ ನೆರವನ್ನೂ ಕೊಡುತ್ತದೆ. ಅದನ್ನು ಸಾಮಾನ್ಯ ಆಲ್ಟರ್ನೇಟರ್ ಕಟ್ಟುವ ಅಂಗಡಿಯಲ್ಲಿ ಬಿಚ್ಚಿಸುವುದು ಸಲ್ಲ.