ಖಾಡಿಯ ಆಚೆ ದಂಡೆ

2025ರ ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. "ಚಿಕ್ಕಪ್ಪ, ಬಿಡದಿ ಹತ್ರ ದೊಡ್ಡ ಹೊಸ ಊರು ಮಾಡ್ತಾರಂತೆ. ಅದರ ಪಕ್ಕದಲ್ಲೇ ಒಂದು ಸೈಟ್ ನೋಡಿದೀವಿ. ನೀವು ಅಂಥ ಊರಲ್ಲೇ ನಲವತ್ತು ವರ್ಷ ಇದ್ದವರಲ್ವಾ? ನಕ್ಷೆ ಹಾಕಿ ಮಾಡಿದ ಊರು ನಿಜವಾಗ್ಲೂ ಊರಾಗತ್ತಾ, ಹೇಳಿ." ಬಿಡದಿ ಬಳಿಯ ಒಂಬತ್ತು ಹಳ್ಳಿಗಳ ಏಳು ಸಾವಿರ ಎಕರೆಗೂ ಮಿಕ್ಕಿದ ನೆಲ ಆ ಯೋಜನೆಗೆ ಬೇಕು, ರೈತರು ಧರಣಿ ಕೂತಿದ್ದಾರೆ ಎಂದು ನಾನೂ ಪೇಪರಿನಲ್ಲಿ ಓದಿದ್ದೆ. "ಯೋಚನೆ ಮಾಡಿ ಹೇಳ್ತೆ ಮಗಾ" ಅಂದೆ. ಯೋಚನೆ ಇನ್ನೂ ಮುಗಿದಿಲ್ಲ. ಆದರೆ ಯೋಚಿಸುತ್ತ ಹೋದದ್ದನ್ನು ಊರಿನವರಾದ ನಿಮಗೆ ಹೇಳಬಹುದು ಅನ್ನಿಸಿತು.

ನಾನು ಕುಮಟೆ ಕಡೆಯವನು, ಅಘನಾಶಿನಿ ದಂಡೆಯವನು. ಬ್ಯಾಂಕಿನ ಗುಮಾಸ್ತಿಕೆ ಸಿಕ್ಕಿ ಮುಂಬಯಿಗೆ ಬಂದದ್ದು 1978ರಲ್ಲಿ. ಘಾಟ್‌ಕೋಪರಿನ ಚಾಳಿನ ಒಂದು ಖೋಲಿಯಲ್ಲಿ ಐದು ಜನ ಇದ್ದೆವು. ಇಬ್ಬರು ರಾತ್ರಿ ಪಾಳಿಯವರಾದ್ದರಿಂದ ಮಲಗುವುದಕ್ಕೆ ಜಾಗ ಸಾಲುತ್ತಿತ್ತು. ಮದುವೆಯಾದ ಮೇಲೆ ಅದು ನಡೆಯಲಿಲ್ಲ. 1986ರಲ್ಲಿ ವಾಶಿಯಲ್ಲಿ ಸಿಡ್ಕೋದ ಒಂದು ಸಣ್ಣ ಫ್ಲ್ಯಾಟು ಸಿಕ್ಕಾಗ ಗೆಳೆಯರೆಲ್ಲ ಮುಖ ಸಣ್ಣದು ಮಾಡಿದರು. ಖಾಡಿ ದಾಟುವುದೆಂದರೆ ಆಗ ಮುಂಬಯಿಯವರ ಪಾಲಿಗೆ ವನವಾಸ. ರೈಲಿಲ್ಲ. 1973ರಲ್ಲಿ ಕಟ್ಟಿದ ಸೇತುವೆ ಮೇಲೆ ಬಸ್ಸು ಬಂದರೆ ಬಂತು.

ಸಾಮಾನು ಹೇರಿದ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು ಸೇತುವೆ ದಾಟಿದ್ದು ಚೆನ್ನಾಗಿ ನೆನಪಿದೆ. ಆಚೆ ದಂಡೆ ಹತ್ತಿರವಾದಂತೆ ಕೆಸರಿನ ವಾಸನೆ ಬಂತು, ಕಾಂಡ್ಲ ಗಿಡಗಳು ಕಂಡವು, ಅವುಗಳ ಹಿಂದೆ ಮಣ್ಣಿನ ಕಟ್ಟೆಗಳು. ಉಪ್ಪುನೀರನ್ನು ಹೊರಗಿಟ್ಟು ಒಳಗೆ ಭತ್ತ ಬೆಳೆಯುವ ಕಟ್ಟೆ. ಹೆಂಡತಿಗೆ ಹೇಳಿದೆ: "ನೋಡು, ಗಜನಿ!" ನಮ್ಮೂರ ಕಡೆ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಹೀಗೇ ಇರುತ್ತವೆ. ಊರು ಬಿಟ್ಟು ಎಂಟು ವರ್ಷವಾದ ಮೇಲೆ ಮೊದಲ ಸಲ ಊರಿನಂಥದ್ದನ್ನು ಕಂಡೆ. ಆ ಗದ್ದೆಗಳು ಯಾರವು, ಅವರೆಲ್ಲಿ ಹೋದರು ಎಂದು ಕೇಳುವ ಬುದ್ಧಿ ಆವತ್ತು ಬರಲಿಲ್ಲ.

ಈ ಊರು ಮೊದಲು ಹುಟ್ಟಿದ್ದು ಕಾಗದದ ಮೇಲೆ. 1965ರಲ್ಲಿ ಮೂವರು, ಅಂದರೆ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ ಮತ್ತು ಪ್ರವೀಣಾ ಮೆಹ್ತಾ ಹಾಗೂ ಇಂಜಿನಿಯರ್ ಶಿರೀಷ್ ಪಟೇಲ್, 'ಮಾರ್ಗ್' ಪತ್ರಿಕೆಯಲ್ಲಿ ಒಂದು ಯೋಜನೆ ಪ್ರಕಟಿಸಿದರು. (ಕೊರಿಯಾ ನಿಮಗೆ ಪರಕೀಯರಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಟವರ್ಸ್ ಅವರದೇ ನಕ್ಷೆ.) ಅವರ ವಾದ ಸರಳ. ಮುಂಬಯಿ ಉದ್ದನೆಯ ಬೆರಳಿನಂಥ ಊರು. ಕೆಲಸವೆಲ್ಲ ದಕ್ಷಿಣದ ತುದಿಯಲ್ಲಿ, ಮನೆಗಳು ಉತ್ತರಕ್ಕೆ ಬೆಳೆಯುತ್ತ ಹೋಗುತ್ತವೆ. ಬೆಳಿಗ್ಗೆ ಊರಿಗೂರೇ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ. ಇದನ್ನು ತಪ್ಪಿಸಬೇಕಾದರೆ ಬಂದರಿನ ಪೂರ್ವಕ್ಕೆ, ಖಾಡಿಯಾಚೆ, ಅಷ್ಟೇ ತೂಕದ ಇನ್ನೊಂದು ಊರು ಬೇಕು. ಸರ್ಕಾರವೇ ತನ್ನ ಕಚೇರಿಗಳನ್ನು ಎತ್ತಿಕೊಂಡು ಅಲ್ಲಿಗೆ ಹೋಗಬೇಕು. ಸರ್ಕಾರ ಹೋದರೆ ಉಳಿದವರು ತಾವೇ ಹಿಂದೆ ಬರುತ್ತಾರೆ.

ದುಡ್ಡಿನ ದಾರಿಯೂ ಅದರಲ್ಲಿತ್ತು. ಗದ್ದೆಯನ್ನು ಗದ್ದೆಯ ಬೆಲೆಗೆ ಕೊಳ್ಳುವುದು, ರಸ್ತೆ ನೀರು ತಂದು ನಗರದ ನೆಲ ಮಾಡುವುದು, ಏರಿದ ಬೆಲೆಗೆ ಮಾರುವುದು. ಆ ಲಾಭದಲ್ಲೇ ಊರು ಕಟ್ಟುವುದು, ಬಡವರ ಮನೆಗೂ ಅದರಿಂದಲೇ ಕೊಡುವುದು. ಇಂಥ ಲೆಕ್ಕಕ್ಕೆ ಹಳೆಯ ಅಜ್ಜ ಒಬ್ಬನಿದ್ದಾನೆ. ಎಬೆನೆಜರ್ ಹೊವರ್ಡ್ ಅಂತ, ಲಂಡನ್ ಪಾರ್ಲಿಮೆಂಟಿನ ಚರ್ಚೆಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಮನುಷ್ಯ. ನಮ್ಮ ಹಾಗೇ ಗುಮಾಸ್ತೆ, ಅದಕ್ಕೇ ನನಗೆ ಅವನ ಮೇಲೆ ಸ್ವಲ್ಪ ಪ್ರೀತಿ. 1898ರಲ್ಲಿ ಉದ್ಯಾನನಗರದ ಪುಸ್ತಕ ಬರೆದ, 1903ರಲ್ಲಿ ಲೆಚ್‌ವರ್ತ್ ಎಂಬಲ್ಲಿ ಅದನ್ನು ಕಟ್ಟಲು ಶುರು ಮಾಡಿಸಿದ. ಊರು ಬೆಳೆದಂತೆ ನೆಲದ ಬೆಲೆ ಏರುತ್ತದಲ್ಲ, ಆ ಏರಿಕೆ ಜಮೀನ್ದಾರನ ಕಿಸೆಗೆ ಹೋಗದೆ ಊರಿನವರಿಗೇ ಸೇರಬೇಕು ಎಂಬುದು ಅವನ ಮುಖ್ಯ ಮಾತು. ಊರಿನವರು ಎಂದರೆ ಯಾರು ಎಂಬ ಪ್ರಶ್ನೆ ಮಾತ್ರ ಖಾಡಿಯ ಈ ದಂಡೆಯಲ್ಲಿ ಬೇರೆಯೇ ರೀತಿ ಎದ್ದಿತು.

1970ರಲ್ಲಿ ಮಹಾರಾಷ್ಟ್ರ ಸರ್ಕಾರ ಯೋಜನೆ ಒಪ್ಪಿ ಸಿಡ್ಕೋ ಸಂಸ್ಥೆ ಮಾಡಿತು. 344 ಚದರ ಕಿಲೋಮೀಟರು, 95 ಹಳ್ಳಿಗಳು, ಮುಂದೆ ಬರಬೇಕಾದ 20 ಲಕ್ಷ ಜನ. ಕೊರಿಯಾ ಮುಖ್ಯ ವಾಸ್ತುಶಿಲ್ಪಿಯಾದರು, ಪಟೇಲರು ಯೋಜನೆಯ ಹೊಣೆ ಹೊತ್ತರು. ಕೆಲವೇ ವರ್ಷಗಳಲ್ಲಿ ಇಬ್ಬರೂ ಅಲ್ಲಿಂದ ಹೊರಗಿದ್ದರು. ಆಗಲೇ ಮೂಲ ಮಾತು ಮುರಿದಿತ್ತು. ಆಚೆ ದಂಡೆಗೆ ಹೋಗಬೇಕಾದ ಸರ್ಕಾರ ಈಚೆ ದಂಡೆಯಲ್ಲೇ ಸಮುದ್ರ ತುಂಬಿ ನರೀಮನ್ ಪಾಯಿಂಟಿನಲ್ಲಿ ಗಗನಚುಂಬಿಗಳಿಗೆ ಜಾಗ ಕೊಡುತ್ತಿತ್ತು. ಬೇಲಾಪುರಕ್ಕೆ ಕೊಂಕಣ ವಿಭಾಗದ ಕಚೇರಿ ಬಂತು. ಮಂತ್ರಾಲಯ ಇದ್ದಲ್ಲೇ ಇದೆ. ಮಂತ್ರಿಗಳ ಬಂಗಲೆ ಮಲಬಾರ್ ಹಿಲ್‌ನಲ್ಲಿರುವಾಗ ಅವರನ್ನು ವಾಶಿಗೆ ಬರುವಂತೆ ಮಾಡುವ ನಕ್ಷೆಯನ್ನು ಯಾರೂ ಬರೆಯಲಾರರು ಅಂತ ಕಾಣುತ್ತದೆ.

ಮುಂಬಯಿ ಹಗುರಾಗಲಿಲ್ಲ. 1971ರಲ್ಲಿ ಅಲ್ಲಿ ಸುಮಾರು 60 ಲಕ್ಷ ಜನರಿದ್ದರು, 1991ರಲ್ಲಿ 99 ಲಕ್ಷ, 2011ರಲ್ಲಿ 1 ಕೋಟಿ 24 ಲಕ್ಷ. ನಮ್ಮ ಕಡೆಯೂ ಬೆಳೆಯಿತು. 2011ರ ಜನಗಣತಿಯಲ್ಲಿ ನವಿ ಮುಂಬಯಿ ಪಾಲಿಕೆಯೊಂದರಲ್ಲೇ 11 ಲಕ್ಷದ ಮೇಲೆ. ಅದನ್ನು ಬೆಳೆಸಿದ್ದು ಯಾವುದು ಎಂದು ಕೇಳಿದರೆ ನಾನು ಎರಡು ಹೇಳುತ್ತೇನೆ. ಒಂದು, ದಕ್ಷಿಣ ಮುಂಬಯಿಯ ಸಗಟು ಮಾರುಕಟ್ಟೆಗಳು ಒಂದೊಂದಾಗಿ ಇಲ್ಲಿಗೆ ಬಂದದ್ದು: ಈರುಳ್ಳಿ, ಮಸಾಲೆ, ಕೊನೆಗೆ 1996ರಲ್ಲಿ ಹಣ್ಣು ತರಕಾರಿ. ಮಸಾಲೆ ಮಾರ್ಕೆಟ್ಟಿನ ಗಲ್ಲಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಘಾಟಿಗೆ ಸೀನುತ್ತ ಹಾವೇರಿ ಕಡೆಯ ಲಾರಿಯವರ ಜೊತೆ ಕನ್ನಡ ಮಾತಾಡಿ ಬರುವುದು ನನಗೆ ಎಷ್ಟೋ ಭಾನುವಾರಗಳ ಹಬ್ಬವಾಗಿತ್ತು. ಎರಡನೆಯದು ರೈಲು. 1992ರ ಮೇ ತಿಂಗಳಲ್ಲಿ ಮಾನ್‌ಖುರ್ದ್‌ನಿಂದ ವಾಶಿಗೆ ಗಾಡಿ ಬಂತು. ಅದರ ಖರ್ಚಿನ ಮೂರರಲ್ಲಿ ಎರಡು ಪಾಲು ಕೊಟ್ಟದ್ದು ಸಿಡ್ಕೋ, ಅಂದರೆ ಮಾರಿದ ನೆಲ. ಮೊದಲ ವಾರ ನಾವು ಕಾರಣವಿಲ್ಲದೆ ಆಚೆ ಈಚೆ ಹೋಗಿ ಬಂದೆವು. ವಿಚಿತ್ರ ನೋಡಿ, ಮುಂಬಯಿಗೆ ಹೋಗುವುದನ್ನು ತಪ್ಪಿಸಲೆಂದು ಕಟ್ಟಿದ ಊರು ಮುಂಬಯಿಗೆ ಹೋಗುವುದು ಸುಲಭವಾದ ಮೇಲೇ ತುಂಬಿತು. ನಾನೂ ನಿವೃತ್ತಿಯವರೆಗೆ ದಿನಾ ಫೋರ್ಟಿಗೇ ಹೋದವನು.

ಬೇಲಾಪುರದ ಗುಡ್ಡದ ಕೆಳಗೆ ಆರ್ಟಿಸ್ಟ್ಸ್ ವಿಲೇಜ್ ಇದೆ. ಕೊರಿಯಾ ಸಿಡ್ಕೋ ಬಿಟ್ಟ ಮೇಲೆ, 1983ರಿಂದ 86ರ ನಡುವೆ, ಸಿಡ್ಕೋಗಾಗಿಯೇ ಕಟ್ಟಿದ್ದು. ಕನಸು ಅಂತ ಒಂದಿದ್ದರೆ ಅದು ಇಲ್ಲಿತ್ತು. ಏಳು ಮನೆಗೆ ಒಂದು ಅಂಗಳ. ಅಂಥ ಮೂರು ಗುಂಪು ಸೇರಿದರೆ ಇನ್ನೂ ದೊಡ್ಡ ಅಂಗಳ. ನಡುವೆ ಮಳೆಗಾಲದ ತೊರೆ. ಅತಿ ಸಣ್ಣ ಸೈಟು 45 ಚದರ ಮೀಟರು, ಅತಿ ದೊಡ್ಡದು 75ರ ಹತ್ತಿರ. ಬಡವನಿಗೂ ಉಳ್ಳವನಿಗೂ ಅಷ್ಟೇ ಅಂತರ. ಯಾವ ಮನೆಯ ಗೋಡೆಯೂ ಪಕ್ಕದ ಮನೆಗೆ ತಾಗಬಾರದು, ಯಾಕೆಂದರೆ ಸಂಬಳ ಏರಿದಂತೆ, ಮಕ್ಕಳಾದಂತೆ, ಪಕ್ಕದವರನ್ನು ಕೇಳದೆ ಮನೆ ಬೆಳೆಸಿಕೊಳ್ಳಬೇಕು. ಹೆಂಚಿನ ಮಾಡು, ಊರ ಗಾರೆಯವರೇ ಕಟ್ಟಬಹುದಾದ ಗೋಡೆ. ಅದೇ ಮನುಷ್ಯ ಅದೇ 1983ರಲ್ಲಿ ಮುಂಬಯಿಯ ಕುಂಬಾಲಾ ಹಿಲ್ಲಿನಲ್ಲಿ ಶ್ರೀಮಂತರಿಗೆ 'ಕಾಂಚನಜುಂಗಾ' ಎಂಬ ಗೋಪುರವನ್ನೂ ಮುಗಿಸಿಕೊಟ್ಟಿದ್ದ ಎಂಬುದನ್ನು ನಾನು ತಪ್ಪು ಹುಡುಕುವುದಕ್ಕೆ ಹೇಳುತ್ತಿಲ್ಲ.

ನನ್ನ ಬ್ಯಾಂಕಿನ ಒಬ್ಬ ಧಾರವಾಡದ ಮಿತ್ರರು ಅಲ್ಲಿ ಮನೆ ತಗೊಂಡಿದ್ದರು. ಶ್ರಾವಣದಲ್ಲಿ ಅವರ ಅಂಗಳಕ್ಕೆ ಹೋದರೆ ಒಂದು ಮನೆಯ ಮಗು ಇನ್ನೊಂದು ಮನೆಯ ಕಟ್ಟೆ ಮೇಲೆ ಊಟ ಮಾಡುತ್ತಿತ್ತು. "ನಮ್ಮ ವಾಡೇದ ಹಾಂಗ ಅದ ನೋಡ್ರಿ" ಅನ್ನುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ಹೋದೆ. ಹೆಚ್ಚಿನ ಹೆಂಚಿನ ಮನೆಗಳು ಹೋಗಿ ಎರಡು ಮೂರು ಮಾಳಿಗೆಯ ಬಂಗಲೆಗಳಾಗಿದ್ದವು. ಅಂಗಳದಲ್ಲಿ ಕಾರು. ಮಿತ್ರರೂ ಮನೆ ಕೆಡವಿ ಕಟ್ಟಿಸಿದ್ದರು. ಕೇಳಿದರೆ ನಕ್ಕರು: "ಬೆಳಸ್ಕೊಳ್ರಿ ಅಂತ ಅವರೇ ಹೇಳಿದ್ರಲ್ಲ, ಬೆಳಿಸೀವಿ." ವಾಸ್ತುಶಿಲ್ಪ ಕಲಿಯುವ ಹುಡುಗರು ಉಳಿದ ಹಳೆಯ ಮನೆಗಳ ಫೋಟೋ ತೆಗೆಯುವಾಗ ಅಯ್ಯೋ ಹಾಳಾಯ್ತು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಂಗಳಗಳು ಇನ್ನೂ ಇವೆ. ಕಾರು ತೆಗೆದ ದಿನ ಗಣಪತಿ ಅಲ್ಲೇ ಕೂರುತ್ತಾನೆ. ಆದರೆ 45 ಚದರ ಮೀಟರಿನ ಮನೆಯನ್ನು ಈಗ ಕೊಳ್ಳುವ ಗುಮಾಸ್ತೆ ಯಾವ ಬ್ಯಾಂಕಿನಲ್ಲೂ ಇಲ್ಲ. ಕೆಟ್ಟಿದ್ದರೆ ಅಲ್ಲಿ ಕೆಟ್ಟಿತು.

ಇನ್ನು ಗದ್ದೆಯ ಮಾತು. ನಮ್ಮ ಬಿಲ್ಡಿಂಗಿಗೆ ಮೀನು ತರುತ್ತಿದ್ದ ಮಾವಶಿ ಆಗ್ರಿ ಜಾತಿಯವಳು. ಭತ್ತ, ಉಪ್ಪು, ಮೀನು ಈ ಮೂರರ ಮೇಲೆ ಬದುಕಿದ ಜನ ಅವರು. ಬಂದ ಮೊದಲ ವರ್ಷವೇ ಮೆಟ್ಟಿಲ ಮೇಲೆ ಕೂತು ಬೊಂಬಿಲ್ ಕೊಯ್ಯುತ್ತ ನೆಲಕ್ಕೆ ಬೆರಳು ತೋರಿಸಿ, "ಹೇ ಆಮಚಂ ಶೇತ್" ಅಂದಳು, ಇದು ನಮ್ಮ ಗದ್ದೆ. ಸಿಟ್ಟಿನಿಂದೇನೂ ಅಲ್ಲ, ಬಂದವರಿಗೆ ದಾರಿ ಹೇಳುವ ಹಾಗೆ. ಕೈಯಲ್ಲಿ ಜವಳಾದ ಪೊಟ್ಟಣ ಹಿಡಿದು ನಾನು ಮಾತಿಲ್ಲದೆ ನಿಂತೆ.

ನೆಲ ಹೋದದ್ದು ಗದ್ದೆಯ ಬೆಲೆಗೆ. ಮಾರುತ್ತಿದ್ದದ್ದು ನಗರದ ಬೆಲೆಗೆ. ನಡುವಿನ ಅಂತರವೇ ಊರು ಕಟ್ಟುವ ಬಂಡವಾಳ ಎಂದು ಯೋಜನೆ ಹೇಳಿತ್ತಲ್ಲ, ಆ ಅಂತರ ತಮ್ಮ ಹೊಟ್ಟೆಯದು ಎಂದು ಹಳ್ಳಿಯವರಿಗೆ ತಿಳಿಯುವುದಕ್ಕೆ ಬಹಳ ದಿನ ಬೇಕಾಗಲಿಲ್ಲ. ಉರಣ ತಾಲೂಕಿನ ಜಾಸಯಿ ಗ್ರಾಮದ ದಿನಕರ ಬಾಳು ಪಾಟೀಲ, ಜನರ ಬಾಯಲ್ಲಿ 'ದಿಬಾ', ಶೇತಕರಿ ಕಾಮಗಾರ ಪಕ್ಷದ ಮುಖಂಡರು, ಹೋರಾಟ ಕಟ್ಟಿದರು. 1984ರ ಜನವರಿ 16 ಮತ್ತು 17ರಂದು ಉರಣ ಕಡೆ ಪೊಲೀಸರು ಗುಂಡು ಹಾರಿಸಿ ಐವರು ರೈತರು ಸತ್ತರು. ಅದಾದ ಮೇಲೆ, 1990ರ ದಶಕದಲ್ಲಿ, ಕಳೆದುಕೊಂಡ ನೆಲದ ನೂರಕ್ಕೆ ಹನ್ನೆರಡೂವರೆ ಪಾಲನ್ನು ಅಭಿವೃದ್ಧಿಯಾದ ಸೈಟಾಗಿ ವಾಪಸು ಕೊಡುವ ಕ್ರಮ ಜಾರಿಗೆ ಬಂತು. ಗುಂಡು ಹಾರಿ ಎರಡು ವರ್ಷವಾಗಿತ್ತಷ್ಟೆ ನಾನು ಟೆಂಪೋದಲ್ಲಿ "ಗಜನಿ ನೋಡು" ಎಂದು ಸಂತೋಷಪಟ್ಟಾಗ.

ನನ್ನ ಫ್ಲ್ಯಾಟು ನನ್ನ ಸಂಬಳಕ್ಕೆ ಎಟುಕಿದ್ದು ಮಾವಶಿಯ ಗದ್ದೆ ಅಗ್ಗವಾಗಿದ್ದುದರಿಂದ. ಈ ಲೆಕ್ಕ ಬ್ಯಾಂಕಿನವನಾದ ನನಗೆ ಅರ್ಥವಾದದ್ದು ತಡವಾಗಿ, ಅದೂ ಊರಿನಿಂದ. ಅಂಕೋಲೆ ಕಡೆಯ ನನ್ನ ಸೋದರತ್ತೆಯ ಮನೆ, ತೋಟ ಒಂದು ದೊಡ್ಡ ಯೋಜನೆಗೆ ಹೋಯಿತು. ಅತ್ತೆ ಪುನರ್ವಸತಿಯ ಸಿಮೆಂಟ್ ಮನೆಯಲ್ಲಿ ಬಾವಿಯಿಲ್ಲದ ಅಂಗಳ ಗುಡಿಸುತ್ತಿದ್ದುದನ್ನು ನೋಡಿ ಬಂದ ಮೇಲೆ ಮಾವಶಿಯ ಮುಂದೆ ಮೀನಿನ ರೇಟಿಗೆ ಜಗ್ಗಾಡುವುದನ್ನು ಬಿಟ್ಟೆ. ಅದರಿಂದ ಅವಳಿಗೆ ಏನಾಯಿತು ಅನ್ನಬೇಡಿ. ನಾವು ಪರಸ್ಥಳದವರು ಎಂದು ಸಂಘದ ಸಭೆಗಳಲ್ಲಿ ಹಾಡಿಕೊಳ್ಳುತ್ತೇವೆ. ಹುಟ್ಟಿದ ಮನೆಯ ಕದ ತೆರೆದರೆ ಪರಸ್ಥಳ ಕಾಣುವುದು ಅವಳ ಪಾಲಿಗೆ ಬಂತು.

ನಕ್ಷೆ ಹಾಕುವಾಗ ಹಳೆಯ ಹಳ್ಳಿಗಳ ಮನೆಗಳಿರುವ ಗಾವಠಾಣಗಳನ್ನು ಹಾಗೇ ಬಿಟ್ಟರು. ಅಲ್ಲಿಯ ಜನಕ್ಕೆ ಮಕ್ಕಳು ಮೊಮ್ಮಕ್ಕಳು ಆಗುತ್ತಾರೆ ಎಂಬುದಕ್ಕೆ ಮಾತ್ರ ನಕ್ಷೆಯಲ್ಲಿ ಜಾಗವಿರಲಿಲ್ಲ. ಅವರು ಅಗತ್ಯಕ್ಕೆಂದು ಕಟ್ಟಿಕೊಂಡ 'ಗರಜೇಪೋಟಿ' ಮನೆಗಳು ಕಾನೂನಿಗೆ ಸರಿಯೋ ತಪ್ಪೋ ಎಂಬ ಜಗಳ ದಶಕಗಟ್ಟಲೆ ನಡೆದಿದೆ. ಆದರೆ ಒಂದು ಮಾತು. ನಮ್ಮ ಸೆಕ್ಟರುಗಳಲ್ಲಿ ಮನೆಗೆಲಸದವರು, ರಿಕ್ಷಾದವರು, ಹೋಟೆಲಿನ ಹುಡುಗರು ಬಾಡಿಗೆಗೆ ಇರುವುದು ಈ ಗಾವಠಾಣದ ಇಕ್ಕಟ್ಟು ಕಟ್ಟಡಗಳಲ್ಲಿ. ಬಡವರಿಗೆ ಮನೆ ಎಂದು ಯೋಜನೆ ಕೊಟ್ಟ ಮಾತನ್ನು, ಯೋಜನೆ ಬಿಟ್ಟು ಹೋದ ಜಾಗವೇ ಹೆಚ್ಚು ನಡೆಸಿಕೊಟ್ಟಿತು. ವಾಶಿಯ ಅಗಲ ರಸ್ತೆ, ಮರ, ಪಾಲಿಕೆಯ ಸ್ವಂತ ಮೋರಬೆ ಅಣೆಕಟ್ಟಿನ ನೀರು, ಇವೆಲ್ಲ ಚೆನ್ನಾಗಿವೆ, ಇಲ್ಲ ಅನ್ನುವವನು ಸುಳ್ಳುಗಾರ. ನನ್ನ ಮಕ್ಕಳು ಇಲ್ಲಿ ಸೈಕಲ್ ಕಲಿತರು.

2025ರ ಅಕ್ಟೋಬರಿನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು, ಡಿಸೆಂಬರ್ 25ಕ್ಕೆ ವಿಮಾನಗಳು ಹಾರತೊಡಗಿದವು. ಅದಕ್ಕಾಗಿ ಉಲವೆಯ ಗುಡ್ಡ ಕಡಿದರು, ನದಿ ತಿರುಗಿಸಿದರು, ಹತ್ತು ಹಳ್ಳಿಗಳನ್ನು ಎಬ್ಬಿಸಿದರು. ಅದಕ್ಕೆ ದಿಬಾ ಹೆಸರಿಡಬೇಕೆಂದು 2021ರ ಜೂನಿನಲ್ಲಿ ಸಾವಿರಾರು ಜನ ಬೀದಿಗೆ ಇಳಿದಿದ್ದರು. ಗುಂಡು ತಿಂದವರ ಮಕ್ಕಳು ಮೊಮ್ಮಕ್ಕಳು ವಿಮಾನ ನಿಲ್ದಾಣ ಬೇಡ ಅನ್ನಲಿಲ್ಲ, ಹೆಸರು ತಮ್ಮದಿರಲಿ ಅಂದರು. ಇದನ್ನು ಸೋಲು ಅನ್ನಬೇಕೋ ಗೆಲುವು ಅನ್ನಬೇಕೋ ನನಗೆ ತಿಳಿಯಲಿಲ್ಲ.

ಡಿಸೆಂಬರಿನ ಆ ವಾರ ಗಾವಠಾಣಕ್ಕೆ ಹೋಗಿದ್ದೆ. ಮಾವಶಿ ಈಗ ತಿರುಗಿ ಮಾರುವುದಿಲ್ಲ, ಸೊಸೆಯ ಬುಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಅವಳ ಮಗಳನ್ನು ಕೊಟ್ಟಿದ್ದು ಆ ಹತ್ತು ಹಳ್ಳಿಗಳಲ್ಲೊಂದಕ್ಕೆ. ತಲೆಯ ಮೇಲೆ ವಿಮಾನ ಹೋಯಿತು, ಇಬ್ಬರೂ ನೋಡಿದೆವು. ಮಗಳ ಮನೆ ಇದ್ದದ್ದು ರನ್‌ವೇಯ ಯಾವ ಕಡೆಗೆ ಎಂದು ಕೇಳಿದೆ. ಗುಡ್ಡವೇ ಇಲ್ಲದ ಮೇಲೆ ಗುರುತು ಹಿಡಿಯುವುದು ಹೇಗೆ ಅಂದಳು. ಆಮೇಲೆ ಸೊಸೆಗೆ, "ಸಾಹೇಬರಿಗೆ ತಾಜಾ ಸುರಮಯಿ ತೆಗೆದಿಡು" ಎಂದಳು. ರೊಕ್ಕ ಕೊಟ್ಟು ಬರುವಾಗ ಕಿಸೆಯಲ್ಲಿ ಫೋನ್ ಗುರುಗುಟ್ಟಿತು. ಅಣ್ಣನ ಮಗಳು. ಸೈಟಿನವರು ಮುಂಗಡ ಕೇಳುತ್ತಿದ್ದಾರಂತೆ.