ಪೊಲೀಸ್ರು ಬರಂಗಿಲ್ಲೇನ?

ಹೋದ ವರ್ಷ ದೀಪಾವಳಿ ಮುಗಿದ ವಾರ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಟೊರೊಂಟೊದಿಂದ ಒಂದು ವಿಡಿಯೋ ಬಂತು. ಕಾಕಾನ ಮಗಳು ತನ್ನ ಮನೆಯ ಬೇಸ್‌ಮೆಂಟಿನಲ್ಲಿ ಮೊದಲ ಸಲ ವೈನ್ ಮಾಡಲು ನಿಂತಿದ್ದಳು. ಅಂಗಡಿಯಿಂದ ತಂದ ಕಿಟ್. ದೊಡ್ಡ ಚೀಲದಲ್ಲಿ ದ್ರಾಕ್ಷಿಯ ಗಟ್ಟಿ ರಸ, ಒಂದು ಪುಟ್ಟ ಪೊಟ್ಟಣ ಯೀಸ್ಟು, ಬೆಂಟೊನೈಟ್ ಅನ್ನೋ ಜೇಡಿಮಣ್ಣಿನ ಪುಡಿ, ಇನ್ನೆರಡು ಮೂರು ಪೊಟ್ಟಣ. ಬಕೆಟ್ಟಿಗೆ ರಸ ಸುರಿದು, 23 ಲೀಟರ್ ಗೆರೆ ಮುಟ್ಟುವವರೆಗೆ ನೀರು ಹಾಕಿ, ಮೇಲೆ ಯೀಸ್ಟು ಉದುರಿಸಿದಳು. ಆರೇಳು ವಾರಕ್ಕೆ 30 ಬಾಟಲಿ ಅಂತೆ.

ನಾನು ಆ ವಾರ ಬೈಲಹೊಂಗಲದ ಹತ್ತಿರದ ನಮ್ಮ ಹಳ್ಳಿಯಲ್ಲೇ ಇದ್ದೆ. ಆಯಿಗೆ ವಿಡಿಯೋ ತೋರಿಸಿದೆ. ಎಂಬತ್ತು ದಾಟಿದ ಆಯಿ ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲೆ ಪೊಲೀಸ್ರು ಬರಂಗಿಲ್ಲೇನ?"

ನಾವೆಲ್ಲ ನಕ್ಕೆವು. ಆಯಿ ನಗಲಿಲ್ಲ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು.

ನಮ್ಮ ಸೀಮೆಯಲ್ಲಿ ಕುಡಿಯೋದು ಹೊಸದೇನಲ್ಲ. 12ನೇ ಶತಮಾನದಲ್ಲಿ ಸವದತ್ತಿಯಿಂದ ಆಳುತ್ತಿದ್ದ ರಟ್ಟರು ಕಲ್ಯಾಣ ಚಾಲುಕ್ಯರ ಸಾಮಂತರು. ಅದೇ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಮದಿರಾಪಾನವೂ ಬರುತ್ತದೆ. ಅರಮನೆಯಲ್ಲಿ ಅದು ವಿನೋದ. ಊರಲ್ಲಿ ಅದು ಈಚಲು ಮರದ ಶಿಂದಿ, ಬೆಲ್ಲದ ಸಾರಾಯಿ. ಇನ್ನು ಹುದುಗು ಅನ್ನೋದಂತೂ ಪ್ರತಿ ಅಡುಗೆಮನೆಯ ಮಾತು. ರಾತ್ರಿ ಇಟ್ಟ ಜೋಳದ ಅಂಬಲಿ ಬೆಳಗ್ಗೆ ಹುಳಿ ಬಂದಿಲ್ಲ ಅಂದರೆ ಆಯಿಗೆ ಇವತ್ತಿಗೂ ಸಮಾಧಾನ ಇಲ್ಲ.

ಸರ್ಕಾರ ಇದರ ನಡುವೆ ಬಂದದ್ದು ಹಂತಹಂತವಾಗಿ. 1824ರ ಯುದ್ಧದ ನಂತರ ಕಿತ್ತೂರು ಕಂಪನಿಯ ಕೈಗೆ ಹೋಯಿತು. ಬೈಲಹೊಂಗಲ ಸಂಪಗಾವಿ ತಾಲೂಕಿನಲ್ಲಿ, ಸವದತ್ತಿ ಪರಸಗಡ ತಾಲೂಕಿನಲ್ಲಿ, ಎರಡೂ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಮದುರ್ಗ ಮಾತ್ರ ಭಾವೆ ಮನೆತನದ ಬೇರೆ ಸಂಸ್ಥಾನ. 1878ರಲ್ಲಿ ಮುಂಬಯಿ ಅಬಕಾರಿ ಕಾಯಿದೆ ಬಂತು. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸಂಗಿಲ್ಲ, ಶಿಂದಿ ಇಳಿಸಬೇಕಾದರೆ ಮರಕ್ಕೆ ತೆರಿಗೆ ಕಟ್ಟಬೇಕು. ಗಮನಿಸಿ: ಆಗಿನ ಸರ್ಕಾರಕ್ಕೆ ಜನ ಕುಡಿಯೋದು ಬೇಡವಾಗಿರಲಿಲ್ಲ. ಅಬಕಾರಿ ಅದರ ದೊಡ್ಡ ಆದಾಯಗಳಲ್ಲಿ ಒಂದು. ಬೇಡವಾಗಿದ್ದದ್ದು ಜನ ತೆರಿಗೆ ಕೊಡದೆ ತಾವೇ ಮಾಡಿಕೊಳ್ಳೋದು.

ಅದಕ್ಕೇ ಸ್ವಾತಂತ್ರ್ಯ ಚಳವಳಿಯಲ್ಲಿ ಸಾರಾಯಿ ಅಂಗಡಿಯ ಮುಂದೆ ಪಿಕೆಟಿಂಗ್ ಮಾಡೋದು ದೇಶಸೇವೆ ಆಯಿತು. ಶಿಂದಿ ಮರ ಕಡಿದರೆ ಸರ್ಕಾರದ ಬೊಕ್ಕಸಕ್ಕೂ ಪೆಟ್ಟು, ಕುಡಿತಕ್ಕೂ ಪೆಟ್ಟು. ಮೈಸೂರು ಸಂಸ್ಥಾನದ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹವೇ ನಡೆಯಿತು. ಹಾಗಾಗಿ ಸ್ವಾತಂತ್ರ್ಯ ಬಂದಾಗ ಕಾಂಗ್ರೆಸ್ ಸರ್ಕಾರಕ್ಕೆ ಪಾನನಿಷೇಧ ಕೊಟ್ಟ ಮಾತು ಉಳಿಸಿಕೊಳ್ಳುವ ಪ್ರಶ್ನೆಯಾಗಿತ್ತು. 1948ರಲ್ಲಿ ರಾಮದುರ್ಗ ವಿಲೀನವಾಯಿತು. 1949ರಲ್ಲಿ ಮುಂಬಯಿ ಪಾನನಿಷೇಧ ಕಾಯಿದೆ ಬಂತು. 1950ರ ಏಪ್ರಿಲ್ 6ರಿಂದ ಇಡೀ ಮುಂಬಯಿ ರಾಜ್ಯ ಒಣಗಿತು. ಬೇರೆಬೇರೆ ಚರಿತ್ರೆಯ ಈ ನಾಲ್ಕೂ ಊರಿಗೆ ಈಗ ಒಂದೇ ಕಾನೂನು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ 1960ರ ದಶಕದ ಕೊನೆಯ ಹೊತ್ತಿನವರೆಗೆ ನಿಷೇಧ ನಡೆಯಿತು.

ಆಯಿಯ ಬಾಲ್ಯ ಪೂರ್ತಿ ಆ ವರ್ಷಗಳಲ್ಲೇ. ಪರ್ಮಿಟ್ ಅಂತ ಒಂದು ಪದ್ಧತಿ ಇತ್ತು. ಕಾಗದ, ಡಾಕ್ಟರು, ಆಫೀಸು ಗೊತ್ತಿದ್ದವರಿಗೆ ಅದು ಸಿಗುತ್ತಿತ್ತು. ಹಳ್ಳಿಯಲ್ಲಿ ಯಾರಿಗೆ ಪರ್ಮಿಟ್? ಅಲ್ಲಿ ಇದ್ದದ್ದು ಕಳ್ಳಭಟ್ಟಿ. ವಿಡಿಯೋ ನೋಡಿದ ದಿನ ಸಂಜೆ, ಎಪ್ಪತ್ತು ವರ್ಷ ಯಾರ ಮುಂದೂ ಹೇಳದ ಮಾತನ್ನ ಆಯಿ ಹೇಳಿದಳು. ಅವಳ ಅವ್ವ, ಅಂದರೆ ನಮ್ಮ ಮುತ್ತಜ್ಜಿ, ಗಂಡ ಸತ್ತ ಮೇಲೆ ಮೂರು ಮಕ್ಕಳನ್ನ ಸಾಕಿದ್ದು ಸಾರಾಯಿ ಕಾಸಿ. ಕೆಟ್ಟ ಬೆಲ್ಲ, ಜಾಲಿ ಮರದ ತೊಗಟೆ, ನವಸಾಗರ. ಗಡಿಗಿಯಲ್ಲಿ ಹಾಕಿ ತಿಪ್ಪಿಯಲ್ಲಿ ಹೂಳೋದು. ತಿಪ್ಪಿಯ ಕಾವಿಗೆ ಬೇಗ ಕೊಳೆಯುತ್ತಿತ್ತಂತೆ. ಪೊಲೀಸರು ಕಬ್ಬಿಣದ ಸರಳು ಹಿಡಿದು ತಿಪ್ಪಿ ಚುಚ್ಚುತ್ತ ಬರುತ್ತಿದ್ದರು. ಒಂದು ಸಲ ಸರಳಿಗೆ ಗಡಿಗಿ ಸಿಕ್ಕಿತು. ಅವ್ವನನ್ನು ಠಾಣೆಗೆ ಕರೆದೊಯ್ದರು. ಊರಲ್ಲಿ ತಲೆ ಎತ್ತಲಿಕ್ಕೆ ಆಗಲಿಲ್ಲ. ಆಯಿಯ ಶಾಲೆ ನಿಂತದ್ದೂ ಆ ವರ್ಷವೇ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ತಂಗಿಯ ಕಿಟ್‌ನ ಪೊಟ್ಟಣಗಳ ಬಗ್ಗೆ ಓದುತ್ತ ಕೂತೆ. ಮನೆಯಲ್ಲಿ ವೈನ್ ಮಾಡುವವರು ಯೀಸ್ಟಿಗೆ ಆಹಾರ ಅಂತ ಡೈಅಮೋನಿಯಂ ಫಾಸ್ಫೇಟ್ ಹಾಕುವುದುಂಟು. ಯೀಸ್ಟು ಸಕ್ಕರೆ ತಿಂದು ಆಲ್ಕೋಹಾಲು ಮಾಡುತ್ತೆ, ಆದರೆ ಅದು ಬೆಳೆಯೋಕೆ ಸಾರಜನಕ ಬೇಕು, ಅಮೋನಿಯಂ ಅದನ್ನು ಕೊಡುತ್ತೆ. ನವಸಾಗರ ಅಂದರೆ ಏನು? ಅಮೋನಿಯಂ ಕ್ಲೋರೈಡ್. ಮುತ್ತಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಬೆಲ್ಲ ಒಂದರಿಂದಲೇ ಕೆಲಸ ಸರಾಗ ಆಗಲ್ಲ ಅನ್ನೋದು ಗೊತ್ತಿತ್ತು. ಅವಳು ಕೊನೆಗೆ ಭಟ್ಟಿ ಇಳಿಸುತ್ತಿದ್ದಳು, ಇವಳು ಬಾಟಲಿ ತುಂಬುತ್ತಾಳೆ. ಅಲ್ಲಿಯವರೆಗಿನ ದಾರಿ ಒಂದೇ.

ಈ ಕಿಟ್ ಅನ್ನೋದೂ ಪಾನನಿಷೇಧದ ಮನೆಯಲ್ಲೇ ಬೆಳೆದ ಕೂಸು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ಬಂದ್ ಇತ್ತಲ್ಲ, ಆಗ ಅಲ್ಲಿನ ಕಾನೂನು ಮನೆಯಲ್ಲಿ ಹಣ್ಣಿನ ರಸ ಮಾಡಿಕೊಳ್ಳಲು ಒಂದು ಕಿಂಡಿ ಬಿಟ್ಟಿತ್ತು. ವರ್ಷಕ್ಕೆ ಒಂದು ಮನೆಗೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್. ಹೆಸರಿಗೆ ರಸ; ಅದು ಪೀಪಾಯಿಯಲ್ಲಿ ವೈನ್ ಆದರೆ ನೋಡೋರು ಯಾರು? ಕ್ಯಾಲಿಫೋರ್ನಿಯಾದ ದ್ರಾಕ್ಷಿ ಬೆಳೆಗಾರರು ಗಟ್ಟಿ ರಸವನ್ನ 'ವೈನ್‌ಗ್ಲೋ' ಅಂತ ಮಾರಿದರು. ಕಂಪನಿಯವರೇ ಮನೆಗೆ ಬಂದು ಪೀಪಾಯಿ ಹೊಂದಿಸಿ ಹೋಗುತ್ತಿದ್ದರು. ನನ್ನ ತಂಗಿಯ ಬಕೆಟ್ಟು ಆ ಪೀಪಾಯಿಯ ಮೊಮ್ಮಗಳು. ಅಲ್ಲಿ ಕಾನೂನು ಮನೆಯ ಹೊಸ್ತಿಲಲ್ಲಿ ನಿಂತಿತು. ಇಲ್ಲಿ ತಿಪ್ಪಿಯವರೆಗೂ ಬಂತು.

ಹಾಗಂತ ಮುತ್ತಜ್ಜಿಯ ಸಾರಾಯಿಯನ್ನ ನಾನು ಚಂದಗಾಣಿಸಿ ಹೇಳುತ್ತಿಲ್ಲ. ಆ ಸಾರಾಯಿ ಕುಡಿದವರ ಮನೆಯಲ್ಲೂ ಮಕ್ಕಳಿದ್ದರು. ಸಾರಾಯಿ ಸಾಕು ಅಂತ ನಮ್ಮ ರಾಜ್ಯದ ಹೆಣ್ಣುಮಕ್ಕಳು ವರ್ಷಗಟ್ಟಲೆ ಕೂಗಿದ್ದು ಸುಮ್ಮನೆ ಅಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಸಾರಾಯಿ ಬಂದ್ ಆದಾಗ ಆಯಿ "ಛಲೋ ಆತು" ಅಂದಿದ್ದು ನನಗೆ ನೆನಪಿದೆ. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂತು. ವಿಜಯಪುರ, ಬಾಗಲಕೋಟೆ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಅದು ಒಳ್ಳೆಯದೇ. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಕಾಣುತ್ತೆ. ಬಡವರ ಮದ್ಯ ನಿಂತ ವರ್ಷವೇ ಉಳ್ಳವರ ಮದ್ಯಕ್ಕೆ ಸರ್ಕಾರದ ಪ್ರೋತ್ಸಾಹ ಸಿಕ್ಕಿತು.

ನಿಮ್ಮಲ್ಲಿ ಕೆಲವರು ಈಗಾಗಲೇ ಕಿಟ್ ಎಲ್ಲಿ ಸಿಗುತ್ತೆ ಅಂತ ಹುಡುಕೋಕೆ ಶುರು ಮಾಡಿರುತ್ತೀರಿ, ಗೊತ್ತು. ಸ್ವಲ್ಪ ತಡೀರಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಇವತ್ತಿಗೂ ಅಪರಾಧ. ನಿಮ್ಮ ಫ್ಲಾಟಿನಲ್ಲಿ ಯಾರೂ ಸರಳು ಹಿಡಿದು ಚುಚ್ಚೋಕೆ ಬರಲ್ಲ ಅಂತ ನಿಮಗೆ ಧೈರ್ಯ ಇರಬಹುದು. ಆ ಧೈರ್ಯ ಮುತ್ತಜ್ಜಿಗೆ ಇರಲಿಲ್ಲ. ಆಯಿಯ ಪ್ರಶ್ನೆಗೆ ನಾವು ನಕ್ಕದ್ದೂ ಅದೇ ಧೈರ್ಯದಿಂದ.

ತಂಗಿಗೆ ಫೋನ್ ಮಾಡಿ ಈ ಕಥೆ ಪೂರ್ತಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ ಅವಳು. ಮರುದಿನ ತಾನೇ ಆಯಿಗೆ ವಿಡಿಯೋ ಕಾಲ್ ಮಾಡಿ, ಬಕೆಟ್ಟು ತೋರಿಸಿ, "ಇಲ್ಲೆ ಮನಿಯಾಗ ಮಾಡಿಕೊಂಡ್ರ ಯಾರೂ ಏನೂ ಅನ್ನಂಗಿಲ್ಲ ಆಯಿ" ಅಂದಳಂತೆ. ಆಯಿ ಆ ಬಕೆಟ್ಟನ್ನೇ ದಿಟ್ಟಿಸಿ ನೋಡಿ, ಕೊನೆಗೆ ಹೇಳಿದ್ದು ಇಷ್ಟು:

"ಮುಚ್ಚಳಾ ಬಿಗಿ ಹಾಕಬ್ಯಾಡ ತಂಗಿ. ಉಸಿರಾಡಾಕ ಬಿಡು, ಇಲ್ಲಂದ್ರ ಒಡೀತದ."